ಅಣಹಿಲಪಾಟಕದ ವಾದದಲ್ಲಿ ಗೆದ್ದ ತರ್ಕ ಯಾವುದು?

ಅಹಮದಾಬಾದಿನ ಬೋಡಕ್‌ದೇವ್ ಮೊದಲಾದ ಬಡಾವಣೆಗಳಲ್ಲಿ ಇಂದು ನೆಲಸಿರುವ ಕನ್ನಡಿಗರು ಗುರ್ಜರ ದೇಶಕ್ಕೆ ಬಂದ ಮೊದಲ ಕನ್ನಡಿಗರಲ್ಲ. 1411ರಲ್ಲಿ ಅಹಮದಶಹನು ಸಾಬರಮತಿಯ ದಡದಲ್ಲಿ ತನ್ನ ನಗರವನ್ನು ಸ್ಥಾಪಿಸುವುದಕ್ಕೆ ಮುನ್ನೂರು ವರ್ಷಗಳಿಗೂ ಹಿಂದೆಯೇ ಆ ಪರಿಸರದಲ್ಲಿ ಚೌಲುಕ್ಯ ಕರ್ಣನ ಹೆಸರನ್ನು ಹೊತ್ತ ಕರ್ಣಾವತಿಯಿದ್ದಿತು. ಕರ್ಣನ ಅರಸಿ ಮಯಣಲ್ಲದೇವಿಯು ಗೋವೆಯ ಕದಂಬ ಜಯಕೇಶಿಯ ಮಗಳು. ಗುಜರಾತಿನ ಇತಿಹಾಸದಲ್ಲಿ ಹೆಸರಾದ ಸಿದ್ಧರಾಜ ಜಯಸಿಂಹನ ತಾಯಿ. ಅವಳ ಮಗನ ಆಳಿಕೆಯಲ್ಲಿ, ವಿಕ್ರಮ ಸಂವತ್ 1181ರಲ್ಲಿ, ಎಂದರೆ ಕ್ರಿ. ಶ. 1124-25ರ ಸುಮಾರಿನಲ್ಲಿ, ಕರ್ಣಾಟಕದಿಂದ ಬಂದ ದಿಗಂಬರ ವಾದಿ ಕುಮುದಚಂದ್ರನಿಗೂ ಶ್ವೇತಾಂಬರ ಆಚಾರ್ಯ ದೇವಸೂರಿಗೂ ರಾಜಧಾನಿಯಾದ ಅಣಹಿಲಪಾಟಕದಲ್ಲಿ, ಎಂದರೆ ಇಂದಿನ ಪಾಟಣದಲ್ಲಿ, ವಾದ ನಡೆಯಿತು. ಕುಮುದಚಂದ್ರನು ಸೋತನು. ದೇವಸೂರಿಗೆ ಅಂದಿನಿಂದ ವಾದಿದೇವಸೂರಿಯೆಂಬ ಹೆಸರೇ ನಿಂತಿತು.

ಈ ಪ್ರಸಂಗವನ್ನು ಓದುವ ಕನ್ನಡಿಗನ ಮನಸ್ಸಿನಲ್ಲಿ ‘ನಮ್ಮವನು ಸೋತನು’ ಎಂಬ ಸಣ್ಣ ನೋವು ಏಳುವುದು ಸಹಜ. ಆದರೆ ಸೋತದ್ದು ಯಾರು ಎಂಬುದಕ್ಕಿಂತ ಯಾವ ತರ್ಕ ಸೋತಿತು, ಯಾವುದು ಗೆದ್ದಿತು ಎಂಬುದೇ ಇಲ್ಲಿ ವಿಚಾರಾರ್ಹವಾದುದು. ಆ ವಿಚಾರ ಮುಗಿಯುವ ವೇಳೆಗೆ ‘ನಮ್ಮವನು’ ಎಂಬ ಮಾತಿನ ಅರ್ಥವೇ ಬದಲಾಗುತ್ತದೆ.

ಮೊದಲಿಗೆ ಆಧಾರಗಳ ಮಾತು. ಯಶಶ್ಚಂದ್ರನ ‘ಮುದ್ರಿತಕುಮುದಚಂದ್ರ’ ನಾಟಕ, 1278ರ ಸುಮಾರಿನ ಪ್ರಭಾಚಂದ್ರಸೂರಿಯ ‘ಪ್ರಭಾವಕಚರಿತ’, 1305ರ ಸುಮಾರಿನ ಮೇರುತುಂಗನ ‘ಪ್ರಬಂಧಚಿಂತಾಮಣಿ’ - ಈ ಮೂರೂ ಗೆದ್ದವರ ಕಡೆಯವು. ಕೊನೆಯ ಎರಡು ಘಟನೆಗಿಂತ ನೂರೈವತ್ತು, ನೂರೆಂಬತ್ತು ವರ್ಷಗಳಷ್ಟು ಈಚಿನವು. ಇವು ಹೇಳುವುದನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಗೆದ್ದವರು ತಮ್ಮ ಗೆಲುವಿಗೆ ಯಾವುದನ್ನು ಕಾರಣವೆಂದು ಎಣಿಸಿದರು ಎಂಬುದನ್ನು ಇವುಗಳಿಂದಲೇ ನೋಡಬಹುದು.

ವಾದದ ಮುಖ್ಯ ವಿಷಯ ಸ್ತ್ರೀಮುಕ್ತಿ: ಸ್ತ್ರೀಯು ಸ್ತ್ರೀದೇಹದಿಂದಲೇ ಮೋಕ್ಷವನ್ನು ಪಡೆಯಬಲ್ಲಳೆ? ಆಗದೆಂದು ದಿಗಂಬರರು, ಆಗುವುದೆಂದು ಶ್ವೇತಾಂಬರರು. ಪಣವೂ ಸಣ್ಣದಲ್ಲ. ಶ್ವೇತಾಂಬರರು ಸೋತರೆ ದಿಗಂಬರ ದೀಕ್ಷೆಯನ್ನು ಹಿಡಿಯಬೇಕು. ದಿಗಂಬರರು ಸೋತರೆ ದೇಶವನ್ನು ಬಿಡಬೇಕು.

ಮೇರುತುಂಗನು ಕುಮುದಚಂದ್ರನನ್ನು ಎಂಬತ್ತನಾಲ್ಕು ವಾದಗಳನ್ನು ಗೆದ್ದು ಬಂದವನೆಂದು ಪರಿಚಯಿಸುತ್ತಾನೆ. ಸಭೆಯಲ್ಲಿ ಆಗತಾನೆ ಬಾಲ್ಯವನ್ನು ದಾಟಿದ್ದ ಹೇಮಚಂದ್ರನನ್ನು ಕಂಡು ಕುಮುದಚಂದ್ರನು ‘ಮಜ್ಜಿಗೆ ಪೀತವಾಯಿತೆ?’ ಎಂದು ಕೇಳಿದನಂತೆ. ಪೀತವೆಂದರೆ ಕುಡಿದದ್ದು, ಹಳದಿಯೂ ಹೌದು. ಹೇಮಚಂದ್ರನು ಎರಡನೆಯ ಅರ್ಥವನ್ನು ಹಿಡಿದು, ಮಜ್ಜಿಗೆ ಬಿಳುಪು, ಅರಿಸಿನವಲ್ಲವೆ ಹಳದಿ ಎಂದು ಹಂಗಿಸಿದನು. ಈ ಬಾಲಕನೊಡನೆ ವೃದ್ಧನಾದ ತನಗೆ ಎಂಥ ವಾದವೆಂದು ಕುಮುದಚಂದ್ರನು ಹೇಳಲು, ಸೊಂಟಕ್ಕೆ ದಾರವನ್ನೂ ಕಟ್ಟದ ನೀನೇ ಬಾಲಕನೆಂಬ ಉತ್ತರ ಬಂದಿತು.

ಕತೆ ಸ್ವಾರಸ್ಯವಾಗಿದೆ. ಆದರೆ ಹೇಮಚಂದ್ರನ ಜನನ ಸಂವತ್ 1145ರಲ್ಲಿ. ವಾದದ ವರ್ಷ ಅವನಿಗೆ ಮೂವತ್ತಾರು. ಬಾಲ್ಯವನ್ನು ಆಗತಾನೆ ದಾಟಿದವನ ವಯಸ್ಸು ಅದಲ್ಲ. ಅದಕ್ಕಿಂತಲೂ ದೊಡ್ಡ ತೊಡಕು ಇನ್ನೊಂದುಂಟು. ಎದುರಾಳಿಯು ಒಂದರ್ಥದಲ್ಲಿ ಆಡಿದ ಮಾತಿಗೆ ಬೇರೊಂದರ್ಥವನ್ನು ಹಚ್ಚಿ ಖಂಡಿಸುವುದನ್ನು ನ್ಯಾಯಶಾಸ್ತ್ರವು ವಾಕ್‌ಛಲವೆಂದು ಕರೆದು ದೋಷವಾಗಿ ಲಕ್ಷಿಸಿದೆ. ‘ನವ’ ಎಂಬ ಶಬ್ದಕ್ಕೆ ಹೊಸದು, ಒಂಬತ್ತು ಎಂಬ ಎರಡರ್ಥಗಳಿರುವುದರಿಂದ ಹೊಸ ಕಂಬಳಿಯುಳ್ಳವನನ್ನು ಒಂಬತ್ತು ಕಂಬಳಿಯವನೆಂದು ಹಿಡಿಯುವುದು ಅದಕ್ಕೆ ಪ್ರಸಿದ್ಧವಾದ ಉದಾಹರಣೆ. ತತ್ತ್ವವನ್ನು ಕಾಯಲು ಛಲವನ್ನೂ ಬಳಸಬಹುದೆಂದು ನೈಯಾಯಿಕರು ಜಲ್ಪದಲ್ಲಿ ಎಡೆಮಾಡಿಕೊಟ್ಟರು; ಅದನ್ನು ಒಪ್ಪದವರು ಜೈನ ತಾರ್ಕಿಕರು. ಅವರಲ್ಲಿ ಸ್ವತಃ ಹೇಮಚಂದ್ರನೂ ಒಬ್ಬನು. ‘ಪ್ರಮಾಣಮೀಮಾಂಸೆ’ಯಲ್ಲಿ ಅವನ ನಿಲುವು ಸ್ಪಷ್ಟವಾಗಿದೆ. ಭಕ್ತರು ತಮ್ಮ ಆಚಾರ್ಯನನ್ನು ಮೆರೆಯಿಸಲು ಹೋಗಿ ಅವನೇ ನಿಷೇಧಿಸಿದ ಆಯುಧವನ್ನು ಅವನ ಕೈಗಿತ್ತಂತಾಯಿತು.

ವಾದ ಮೊದಲಾದ ಮೇಲೆ ದೇವಸೂರಿಯು ಶಾಂತಿಸೂರಿಯ ಉತ್ತರಾಧ್ಯಯನಟೀಕೆಯನ್ನು ಅನುಸರಿಸಿ ವಿಕಲ್ಪಗಳ ಸರಮಾಲೆಯನ್ನೇ ಒಡ್ಡಿದನು. ಕುಮುದಚಂದ್ರನಿಗೆ ಅದನ್ನು ಹಿಂಬಾಲಿಸುವುದೇ ಕಷ್ಟವಾಯಿತು. ದೇವಸೂರಿಯ ಮಾತಿನಲ್ಲಿ ಬಂದ ‘ಕೋಟಾಕೋಟಿ’ ಎಂಬುದು ಅಪಶಬ್ದವೆಂದು ಅವನು ಆಕ್ಷೇಪಿಸಿದನು. ಆಗ ಕಾಕಲನೆಂಬ ವೈಯಾಕರಣನು ಶಾಕಟಾಯನ ವ್ಯಾಕರಣದಂತೆ ಆ ರೂಪ ಸಾಧುವೇ ಎಂದು ತೀರ್ಪಿತ್ತನು. ಕುಮುದಚಂದ್ರನು ಕುಗ್ಗಿದನು.

ಇಲ್ಲಿ ತಡೆದು ನಿಂತು ಕೇಳಬೇಕು: ಶಬ್ದ ಶುದ್ಧವಾದ ಮಾತ್ರಕ್ಕೆ ಸ್ತ್ರೀಮುಕ್ತಿ ಸಿದ್ಧವಾಯಿತೆ? ಅಶುದ್ಧವಾಗಿದ್ದರೆ ಅದು ಬಿದ್ದುಹೋಗುತ್ತಿದ್ದಿತೆ? ಅಕಲಂಕನ ಮತದಲ್ಲಿ ಒಬ್ಬನು ಸ್ವಪಕ್ಷವನ್ನು ಸಾಧಿಸುವುದೇ ಮತ್ತೊಬ್ಬನ ಸೋಲು; ಎದುರಾಳಿಯ ಮಾತಿನ ತಪ್ಪನ್ನು ಎತ್ತಿ ತೋರಿದಷ್ಟಕ್ಕೆ ಗೆಲುವಿಲ್ಲ. ಅಕಲಂಕನು ದಿಗಂಬರ ನ್ಯಾಯದ ಸ್ತಂಭ. ಅವನ ಅಳತೆಗೋಲಿನಿಂದ ನೋಡಿದರೆ ಕುಮುದಚಂದ್ರನ ಆಕ್ಷೇಪವೂ ಹುರುಳಿಲ್ಲದ್ದು, ಅದಕ್ಕೆ ಬಂದ ಪರಿಹಾರವೂ ನಿರ್ಣಾಯಕವಲ್ಲ. ಎದುರಾಳಿಗೆ ತಿಳಿಯದಿದ್ದುದು ತನ್ನ ಪ್ರತಿಜ್ಞೆಗೆ ಸಾಧಕವೂ ಅಲ್ಲ. ದೇವಸೂರಿಯೇ ತನ್ನ ‘ಪ್ರಮಾಣನಯತತ್ತ್ವಾಲೋಕ’ದ ಎಂಟನೆಯ ಪರಿಚ್ಛೇದದಲ್ಲಿ ಗೆಲುವನ್ನು ಬಯಸುವವನನ್ನೂ ತತ್ತ್ವನಿರ್ಣಯವನ್ನು ಬಯಸುವವನನ್ನೂ ಬೇರೆಬೇರೆಯಾಗಿ ಎಣಿಸಿದ್ದಾನೆ, ಸಭಾಪತಿಗೆ ಪ್ರಜ್ಞೆ, ಆಜ್ಞಾಬಲ, ಕ್ಷಮೆಗಳೊಡನೆ ಮಧ್ಯಸ್ಥಭಾವವೂ ಇರಬೇಕೆಂದು ವಿಧಿಸಿದ್ದಾನೆ. ದೇಶತ್ಯಾಗವನ್ನು ಪಣವಾಗಿ ಒಡ್ಡಿದ ಸಭೆಯಲ್ಲಿ ಮೊದಲನೆಯ ಬಗೆಯವನಲ್ಲದೆ ಎರಡನೆಯವನು ಹೇಗೆ ತಾನೆ ನಿಲ್ಲಬೇಕು?

ಮಯಣಲ್ಲದೇವಿಯ ಪಾತ್ರವೂ ಗಮನಾರ್ಹವಾದುದು. ತವರಿನ ಕಡೆಯವನೆಂಬ ಅಭಿಮಾನದಿಂದ ಅವಳು ಮೊದಲು ಕುಮುದಚಂದ್ರನ ಗೆಲುವನ್ನು ಬಯಸಿದಳಂತೆ. ಸ್ತ್ರೀಯ ಸುಕೃತಕ್ಕೆ ದಿಗಂಬರನು ಬೆಲೆಗೊಡನೆಂದೂ ದೇವಸೂರಿಯು ಅದನ್ನು ಎತ್ತಿಹಿಡಿಯುವನೆಂದೂ ತಿಳಿದೊಡನೆ ಪಕ್ಷಪಾತವನ್ನು ತೊರೆದಳು. ಫಲವನ್ನು ನೋಡಿ ಸಿದ್ಧಾಂತವನ್ನು ಆರಿಸುವುದು ತರ್ಕವಲ್ಲವೆಂದು ಶಾಸ್ತ್ರಜ್ಞನು ಹೇಳಬಹುದು; ಅದು ನಿಜವೂ ಹೌದು. ಆದರೆ ತವರಿನವನೆಂದು ಒಬ್ಬನ ಪಕ್ಷವನ್ನು ಹಿಡಿಯುವುದಕ್ಕಿಂತ ಅವನು ಹೇಳುವುದೇನೆಂದು ಕೇಳಿ ನಿರ್ಧರಿಸುವುದು ತರ್ಕಕ್ಕೆ ಒಂದು ಹೆಜ್ಜೆ ಹತ್ತಿರ. ಪುರುಷರೇ ಸ್ತ್ರೀಯ ಮೋಕ್ಷವನ್ನು ತೂಗುತ್ತಿದ್ದ ಆ ಪ್ರಸಂಗದಲ್ಲಿ ವಿಷಯವು ತನ್ನದೆಂದು ಹೇಳಬಹುದಾಗಿದ್ದವಳು ಅವಳೇ.

ಹಾಗಾದರೆ ಈ ವಿವಾದದಲ್ಲಿ ನಿಜವಾದ ತರ್ಕವೇ ಇರಲಿಲ್ಲವೆ? ಇದ್ದಿತು, ಅದನ್ನು ಸಭೆಯ ಕತೆಗಳಲ್ಲಿ ಅಲ್ಲ, ಗ್ರಂಥಗಳಲ್ಲಿ ಹುಡುಕಬೇಕು. ಸ್ತ್ರೀಯು ಏಳನೆಯ ನರಕಕ್ಕೆ ಇಳಿಯಲಾರಳೆಂಬುದು ಎರಡು ಪಕ್ಷಗಳಿಗೂ ಸಮ್ಮತ. ಪಾಪದ ಪರಮಾವಧಿಯನ್ನು ಮುಟ್ಟಲಾರದವಳು ಪುಣ್ಯಸಾಧನೆಯ ಪರಮಾವಧಿಯನ್ನೂ ಮುಟ್ಟಲಾರಳೆಂದು ಒಂದು ಪಕ್ಷ ವಾದಿಸಿತು. ಇವೆರಡಕ್ಕೂ ವ್ಯಾಪ್ತಿಯೆಲ್ಲಿದೆ ಎಂದು ಇನ್ನೊಂದು ಕೇಳಿತು. ಹಕ್ಕಿಗಳು ಮೂರನೆಯ ನರಕದವರೆಗೆ, ಚತುಷ್ಪಾದಗಳು ನಾಲ್ಕನೆಯದರವರೆಗೆ, ಹಾವುಗಳು ಐದನೆಯದರವರೆಗೆ ಇಳಿಯಬಲ್ಲವು. ಏರುವಾಗ ಮಾತ್ರ ಎಲ್ಲವೂ ಸಹಸ್ರಾರವೆಂಬ ಒಂದೇ ಸ್ವರ್ಗದವರೆಗೆ ಏರಬಲ್ಲವು. ಇಳಿಯುವ ಶಕ್ತಿಯಿಂದ ಏರುವ ಶಕ್ತಿಯನ್ನು ಅಳೆಯಲಾಗದೆಂದು ಇದರಿಂದ ಸಿದ್ಧವಾಗುತ್ತದೆ. ಎದುರಾಳಿ ಒಪ್ಪಿದ ಸಂಗತಿಯನ್ನೇ ಹಿಡಿದು ಅವನ ವ್ಯಾಪ್ತಿಯನ್ನು ಮುರಿಯುವ ಈ ಕ್ರಮ ಅತ್ಯುತ್ತಮ ತರ್ಕ. ವಸ್ತ್ರಧಾರಣೆ ಪರಿಗ್ರಹವಾದುದರಿಂದ ಮೋಕ್ಷಕ್ಕೆ ತಡೆಯೆಂದಾಗ, ಪರಿಗ್ರಹವಿರುವುದು ವಸ್ತುವಿನಲ್ಲಲ್ಲ, ಮಮತೆಯಲ್ಲಿ. ಇಲ್ಲವಾದರೆ ದಿಗಂಬರ ಮುನಿಯ ಕೈಯ ನವಿಲುಗರಿಯ ಪಿಂಛಕ್ಕೂ ಅದೇ ದೋಷ ತಗಲುವುದೆಂಬ ಉತ್ತರ ಬಂದಿತು. ದಿಗಂಬರ ಪಕ್ಷವೂ ಸುಮ್ಮನಿರಲಿಲ್ಲ. ಹನ್ನೊಂದನೆಯ ಶತಮಾನದ ಪ್ರಭಾಚಂದ್ರನು ‘ನ್ಯಾಯಕುಮುದಚಂದ್ರ’ದಲ್ಲಿ ಎದುರಾಳಿಯ ಪೂರ್ವಪಕ್ಷವನ್ನು ವಿಸ್ತಾರವಾಗಿ ಮುಂದಿಟ್ಟೇ ಖಂಡನೆಗೆ ತೊಡಗುತ್ತಾನೆ. ಇಲ್ಲಿ ಮಜ್ಜಿಗೆಯೂ ಇಲ್ಲ, ಅರಿಸಿನವೂ ಇಲ್ಲ.

ಪ್ರಾಣಿಗಳ ಗತಿಯ ಆ ವಾದವನ್ನು ‘ಸ್ತ್ರೀನಿರ್ವಾಣಪ್ರಕರಣ’ದಲ್ಲಿ ಹೂಡಿದವನು ಶಾಕಟಾಯನ. ಕೋಟಾಕೋಟಿಗೆ ಪ್ರಮಾಣವಾದ ವ್ಯಾಕರಣವನ್ನು ಬರೆದವನೂ ಅವನೇ. ಅವನು ಮಾನ್ಯಖೇಟದ ರಾಷ್ಟ್ರಕೂಟ ಅಮೋಘವರ್ಷನ ಕಾಲದವನು. ತನ್ನ ವ್ಯಾಕರಣದ ವೃತ್ತಿಗೆ ‘ಅಮೋಘವೃತ್ತಿ’ಯೆಂದು ಹೆಸರಿಟ್ಟವನು. ನಗ್ನತ್ವವನ್ನು ಪಾಲಿಸುತ್ತಲೇ ಸ್ತ್ರೀಮುಕ್ತಿಯನ್ನು ಒಪ್ಪಿದ ಯಾಪನೀಯ ಸಂಘದ ಯತಿ. ಆ ಸಂಘ ಬೇರೂರಿ ಬೆಳೆದದ್ದು ಕನ್ನಡ ನಾಡಿನಲ್ಲಿ. ಕದಂಬ ಮೃಗೇಶವರ್ಮನ ಹಲಸಿಯ ದಾನಶಾಸನದಲ್ಲಿಯೇ ಅದರ ಹೆಸರುಂಟು. ಹೀಗೆ ಪಾಟಣದ ಸಭೆಯಲ್ಲಿ ಕರ್ಣಾಟಕದ ವಾದಿಯ ಬಾಯನ್ನು ಕಟ್ಟಿದ ವ್ಯಾಕರಣವೂ, ಅವನ ಪಕ್ಷಕ್ಕೆ ಎದುರಾಗಿ ನಿಂತ ಯುಕ್ತಿಯೂ ಕರ್ಣಾಟಕದವೇ.

ಗೆದ್ದವರ ಕಥನದ ದೋಷ ಗುಜರಾತಿಗೆ ಮಾತ್ರ ಮೀಸಲಲ್ಲ. ಪಾಟಣದ ವಾದದ ಬಳಿಕ ನಾಲ್ಕೈದು ವರ್ಷಗಳಲ್ಲಿ, 1129ರಲ್ಲಿ, ಶ್ರವಣಬೆಳಗೊಳದಲ್ಲಿ ಮಲ್ಲಿಷೇಣ ಪ್ರಶಸ್ತಿಯನ್ನು ಕೆತ್ತಲಾಯಿತು. ಅದರಲ್ಲಿ ಸಮಂತಭದ್ರನು ಊರೂರುಗಳಲ್ಲಿ ವಾದಭೇರಿಯನ್ನು ಹೊಡೆಯಿಸುತ್ತಾನೆ. ಅಕಲಂಕನು ಗಡಿಗೆಯಲ್ಲಿ ಅಡಗಿದ ತಾರಾದೇವಿಯನ್ನೂ ಬೌದ್ಧರನ್ನೂ ಗೆಲ್ಲುತ್ತಾನೆ. ಯಾವ ಹೇತುವಿನಿಂದ ಗೆದ್ದನೆಂಬುದಕ್ಕಿಂತ ಗಡಿಗೆಯೇ ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಸ್ವಪಕ್ಷಸಿದ್ಧಿಯನ್ನೇ ಗೆಲುವಿನ ಲಕ್ಷಣವಾಗಿ ಮಾಡಿದ ತಾರ್ಕಿಕನಿಗೆ ಇದು ತಕ್ಕ ಸ್ಮಾರಕವೆನ್ನಲಾಗದು.

1974ರಲ್ಲಿ ಮುನಿ ಜಂಬೂವಿಜಯರು ಶಾಕಟಾಯನನ ಸ್ತ್ರೀನಿರ್ವಾಣ ಮತ್ತು ಕೇವಲಿಭುಕ್ತಿ ಪ್ರಕರಣಗಳನ್ನು ಸಂಪಾದಿಸಿ ಪ್ರಕಟಿಸಿದರು. ಮೂಡಬಿದಿರೆಯ ಬಳಿಯ ನೆಲ್ಲಿಕಾರಿನಲ್ಲಿ ದಿಗಂಬರ ಕುಟುಂಬದಲ್ಲಿ ಹುಟ್ಟಿದ ವಿದ್ವಾಂಸ ಪದ್ಮನಾಭ ಜೈನಿಯವರು 1991ರಲ್ಲಿ ಈ ವಿವಾದದ ದಿಗಂಬರ, ಯಾಪನೀಯ, ಶ್ವೇತಾಂಬರ ಗ್ರಂಥಭಾಗಗಳನ್ನು ಇಂಗ್ಲಿಷಿಗೆ ತಂದು ಒಂದೇ ಪುಸ್ತಕದಲ್ಲಿ ಎದುರುಬದುರಾಗಿ ಇಟ್ಟರು. ಅಲ್ಲಿ ಪಣವಿಲ್ಲ, ದೇಶತ್ಯಾಗವಿಲ್ಲ. ಪ್ರತಿಯೊಂದು ಪಕ್ಷವೂ ತನ್ನ ಮಾತನ್ನು ಪೂರ್ತಿಯಾಗಿ ಹೇಳಿ ಮುಗಿಸುತ್ತದೆ. ಅಣಹಿಲಪಾಟಕದಲ್ಲಿ ನಡೆಯಬೇಕಾಗಿದ್ದ ವಾದವು ನಡೆದದ್ದು ಅಲ್ಲಿ.