ಎಲೆಕ್ಟ್ರಾನಿಕ್ ಕೀಬೋರ್ಡಿನ ಕೀ ಆಕ್ಷನ್

ಬೆರಳು ಒತ್ತಿದಾಗ ಕೀ ಕೆಳಗಿಳಿದು ಮತ್ತೆ ಮೇಲೇಳುವ ಯಾಂತ್ರಿಕ ವ್ಯವಸ್ಥೆಗೆ ಕೀ ಆಕ್ಷನ್ ಎನ್ನುತ್ತಾರೆ. ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ನಾದ ಹುಟ್ಟುವುದು ಸರ್ಕ್ಯೂಟಿನಲ್ಲಿ. ಆದರೂ ವಾದಕನ ಕೈಗೆ ಮುಖ್ಯವಾಗಿ ಸಿಗುವುದು ಕೀ. ನುಡಿಸಾಣಿಕೆಯ ಏರಿಳಿತ ಬಹುಮಟ್ಟಿಗೆ ಅದರ ಮೂಲಕವೇ ಹಾದುಬರಬೇಕು.

ಇದಕ್ಕೆ ಮೂಲ ಮಾದರಿ ಪಿಯಾನೊ. 1700ರ ಸುಮಾರಿಗೆ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ರೂಪಿಸಿದ ಈ ವಾದ್ಯದಲ್ಲಿ ಕೀ ಒತ್ತಿದರೆ ಸುತ್ತಿಗೆಯೊಂದು ಚಿಮ್ಮಿ ತಂತಿಗೆ ಬಡಿಯುತ್ತದೆ. ಇಂದಿನ ಪಿಯಾನೊದ ಕೀ ಸುಮಾರು 10 ಮಿಲಿಮೀಟರ್ ಇಳಿಯುತ್ತದೆ, ಇಳಿಸಲು ಸುಮಾರು 50 ಗ್ರಾಂ ಭಾರ ಬೇಕು. ಮಂದ್ರದ ಸುತ್ತಿಗೆಗಳು ದೊಡ್ಡವು, ತಾರದವು ಚಿಕ್ಕವು. ಹಾಗಾಗಿ ಎಡಗಡೆಯ ಕೀಗಳು ಬೆರಳಿಗೆ ತುಸು ಭಾರ.

ಕೀಬೋರ್ಡಿನಲ್ಲಿ ತಂತಿಯಿಲ್ಲ. ಸಾಮಾನ್ಯವಾಗಿ ಪ್ರತಿ ಕೀಯ ಕೆಳಗೆ ರಬ್ಬರಿನ ಪುಟ್ಟ ಗುಬ್ಬಿಯೊಳಗೆ ಎರಡು ಸಂಪರ್ಕಬಿಂದುಗಳಿರುತ್ತವೆ. ಒಂದು ಮೊದಲು ತಾಗುತ್ತದೆ, ಇನ್ನೊಂದು ಕ್ಷಣದಷ್ಟು ತಡವಾಗಿ. ಆ ಅಂತರ ಕಡಿಮೆಯಾದಷ್ಟೂ ಸ್ವರ ಜೋರು. ಎಲೆಕ್ಟ್ರಾನಿಕ್ ವಾದ್ಯಗಳು ಪರಸ್ಪರ ಸಂಕೇತ ಕಳಿಸಲೆಂದು 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಇದು 1ರಿಂದ 127ರವರೆಗಿನ ಅಂಕಿಯಾಗಿ ದಾಖಲಾಗುತ್ತದೆ. ಅಂದರೆ ವಾದ್ಯ ಅಳೆಯುವುದು ಕೀ ಇಳಿಯುವ ವೇಗವನ್ನು. ಕೀ ಹಗುರವಾಗಿದ್ದರೆ ಬೆರಳು ಸ್ವಲ್ಪ ಬಿಗಿಯಾದರೂ ವೇಗ ಒಮ್ಮೆಲೇ ಏರಿಬಿಡುತ್ತದೆ. ಮೆಲುದನಿಯಲ್ಲಿ ಒಂದೇ ಸಮನಾಗಿ ನುಡಿಸುವುದು ಕಷ್ಟ. ಕೀಗೆ ತೂಕವಿದ್ದರೆ ಅದರ ಜಡತ್ವವೇ ಬೆರಳನ್ನು ತಡೆದು ಹಿಡಿತ ಕೊಡುತ್ತದೆ.

ಬರಿಯ ಸ್ಪ್ರಿಂಗಿನ ಕೀ, ತುಸು ತೂಕ ಸೇರಿಸಿದ ಕೀ, ನಿಜವಾದ ಸುತ್ತಿಗೆಯ ಭಾರವಿರುವ ಹ್ಯಾಮರ್ ಆಕ್ಷನ್ ಎಂದು ಮುಖ್ಯವಾಗಿ ಮೂರು ಬಗೆ. ಸ್ಪ್ರಿಂಗಿನದು ಕೀಳು ಎಂದು ತಳ್ಳಿಹಾಕುವುದು ಸರಿಯಲ್ಲ. 1935ರ ಹ್ಯಾಮಂಡ್ ಆರ್ಗನ್ನಿನಲ್ಲಿ ಎಷ್ಟು ಜೋರಾಗಿ ಒತ್ತಿದರೂ ದನಿ ಅಷ್ಟೇ, ಏರಿಳಿತವೆಲ್ಲ ಕಾಲಿನ ಪೆಡಲಿನದು. ಆರ್ಗನ್ ಶೈಲಿಯ ಚುರುಕು ನಡೆಗೆ, ಕೀಗಳ ಮೇಲೆ ಅಂಗೈ ಜಾರಿಸುವುದಕ್ಕೆ ಹಗುರ ಕೀಯೇ ಬೇಕು. ಹಾರ್ಮೋನಿಯಂ ಕೂಡ ಹಾಗೆಯೇ: ದನಿಯ ಬಲ ತಿದಿ ಒತ್ತುವ ಕೈಯಲ್ಲಿದೆ. ಆ ವಾದ್ಯದಿಂದ ಬಂದವರ ಬೆರಳಿಗೆ ಸ್ಪ್ರಿಂಗಿನ ಕೀ ಬೇಗ ಒಗ್ಗುತ್ತದೆ. ಕರ್ನಾಟಕ ಸಂಗೀತವನ್ನು ಕೀಬೋರ್ಡಿನಲ್ಲಿ ನುಡಿಸುವವರು ಗಮಕಕ್ಕೆ ಸ್ವರವನ್ನು ಜಾರಿಸುವ ಪಿಚ್ ಬೆಂಡ್ ಚಕ್ರವನ್ನು ನೆಚ್ಚುತ್ತಾರೆ; ಒಂದು ಕೈ ಅದರಲ್ಲಿ ತೊಡಗಿರುವಾಗ ಇನ್ನೊಂದರ ಬೆರಳುಗಳಿಗೆ ಹಗುರ ಕೀ ಅನುಕೂಲ.

ಜಾಹೀರಾತುಗಳಲ್ಲಿ ಅಪರೂಪವಾಗಿ ಕಾಣುವ ಸಂಗತಿಯೊಂದಿದೆ: ಕೀಯ ಕೀಲು ಎಷ್ಟು ಹಿಂದಿದೆ ಎಂಬುದು. ಅಗ್ಗದ ವಾದ್ಯಗಳಲ್ಲಿ ಅದು ಬೆರಳಿಗೆ ಬಹಳ ಹತ್ತಿರವಿರುತ್ತದೆ. ಕಪ್ಪು ಕೀಗಳು ಬೆರೆತ ಸ್ವರಗುಚ್ಛ ಹಿಡಿಯುವಾಗ ಬೆರಳುಗಳು ಒಳಕ್ಕೆ ಸರಿದು ಬಿಳಿ ಕೀಗಳನ್ನು ಹಿಂಬದಿಯಲ್ಲಿ ಒತ್ತಬೇಕಾಗುತ್ತದೆ. ಅಲ್ಲಿ ಸನ್ನೆಯ ತೋಳು ಗಿಡ್ಡ, ಆದ್ದರಿಂದ ಅದೇ ಕೀ ಗಡಸು. ಕೆಲವು ಸ್ವರ ಅಡಗಿಹೋಗುವುದಕ್ಕೆ, ಮಣಿಕಟ್ಟು ದಣಿಯುವುದಕ್ಕೆ ಇದೂ ಒಂದು ಕಾರಣ.

ಒಂದೇ ಸ್ವರವನ್ನು ಬಿರುಸಾಗಿ ಮರುನುಡಿಸಲು ಪಿಯಾನೊದಲ್ಲಿ ತಯಾರಕ ಸೆಬಾಸ್ಟಿಯನ್ ಎರಾರ್ 1821ರಲ್ಲಿ ದಾರಿ ಮಾಡಿದ: ಕೀ ಪೂರ್ತಿ ಮೇಲೇಳದೆಯೇ ಸುತ್ತಿಗೆ ಮತ್ತೆ ಬಡಿಯಬಲ್ಲದು. ಕೆಲವು ಡಿಜಿಟಲ್ ಪಿಯಾನೊಗಳಲ್ಲಿ ಆ ಎರಡು ಸಂಪರ್ಕಬಿಂದುಗಳ ಜೊತೆಗೆ ಮೂರನೆಯ ಸೆನ್ಸರ್ ಇರುವುದು ಅದೇ ಉದ್ದೇಶಕ್ಕೆ.

ಟಚ್ ಸೆಟ್ಟಿಂಗ್ ಬದಲಿಸಿದರೆ ವೇಗಕ್ಕೆ ತಕ್ಕ ದನಿಯ ಲೆಕ್ಕ ಬದಲಾಗುತ್ತದೆ, ಕೀಯ ತೂಕ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಪಿಯಾನೊ ಕಲಿಯುವ ಮಗುವಿಗೆ ವಾದ್ಯ ಕೊಳ್ಳುವವರು ಅದರಲ್ಲಿ ಎಷ್ಟು ನೂರು ಟೋನ್‌ಗಳಿವೆ ಎಂದು ಕೇಳುವ ಮೊದಲು, 88 ಕೀಗಳ ಹ್ಯಾಮರ್ ಆಕ್ಷನ್ ಇದೆಯೇ ಎಂದು ವಿಚಾರಿಸಬೇಕು. ಅಂಗಡಿಯಲ್ಲೇ ಒಂದು ಕೀಯನ್ನು ಅತಿ ಮೆಲ್ಲಗಿನಿಂದ ಜೋರಿನವರೆಗೆ ನುಡಿಸಿ, ಹಿಂಬದಿಯಲ್ಲೂ ಒತ್ತಿ ನೋಡಿ.