ಕಲ್ಲಹಳ್ಳಿಯ ಮಂಗರಸನ ಕೌಮುದಿಯಲ್ಲಿ ಧನವಿಚಾರ

ಮಂಗರಸನೆಂಬ ಹೆಸರಿನ ಕವಿಗಳು ಕನ್ನಡದಲ್ಲಿ ಮೂವರು ಆಗಿಹೋಗಿರುವರು. ಅವರಲ್ಲಿ ಮೂರನೆಯವನು ಚಂಗಾಳ್ವ ಅರಸರ ಮಂತ್ರಿಮನೆತನದಲ್ಲಿ ಹುಟ್ಟಿದವನು. ಈಗಿನ ಹುಣಸೂರು, ಪಿರಿಯಾಪಟ್ಟಣಗಳ ಸೀಮೆಗೆ ಸೇರಿದ ಕಲ್ಲಹಳ್ಳಿಯ ಪ್ರಭು. ಜಯನೃಪಕಾವ್ಯ, ಶ್ರೀಪಾಲಚರಿತೆ, ಪ್ರಭಂಜನಚರಿತೆ, ನೇಮಿಜಿನೇಶಸಂಗತಿ ಇವುಗಳೊಡನೆ ಪಾಕವಿದ್ಯೆಯನ್ನು ಕುರಿತ ಸೂಪಶಾಸ್ತ್ರವನ್ನೂ ಬರೆದು, ರಸಿಕನೆಂದೂ ಬಹುಜ್ಞನೆಂದೂ ಹೆಸರಾಗಿರುವನು. ಸುಮಾರು 1508ರಲ್ಲಿ ಈತನು ಷಟ್ಪದಿಯಲ್ಲಿ ರಚಿಸಿದ ಸಮ್ಯಕ್ತ್ವಕೌಮುದಿಯನ್ನು ಸಾಮಾನ್ಯವಾಗಿ ಜೈನಮತದ ಶ್ರದ್ಧೆಯನ್ನು ಬಲಪಡಿಸುವ ಕಥಾಸಂಗ್ರಹವೆಂದು ಹೇಳಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಧನವು ಮನುಷ್ಯನನ್ನು ಏನು ಮಾಡುವುದೆಂಬ ವಿಚಾರದಲ್ಲಿ ಈ ಕಥಾಪರಂಪರೆಯಷ್ಟು ನಿಷ್ಠುರವಾಗಿ ನುಡಿದ ಗ್ರಂಥಗಳು ನಮ್ಮಲ್ಲಿ ವಿರಳ. ಮತಗ್ರಂಥವೆಂಬ ಹಣೆಪಟ್ಟಿಯು ಈ ಗುಣವನ್ನು ಬಹುಕಾಲ ಮರೆಮಾಡಿದೆ.

ಕಥೆಯ ಚೌಕಟ್ಟು ವಿದ್ವಾಂಸರಿಗೆ ಪರಿಚಿತವಾದುದೇ. ಸಂಸ್ಕೃತ ಕೌಮುದಿಯಲ್ಲಿ ಬರುವ ಹೆಸರುಗಳನ್ನೇ ಇಲ್ಲಿ ಬಳಸಿದೆ. ಕೌಮುದೀಮಹೋತ್ಸವದ ರಾತ್ರಿ ಊರಿನ ಹೆಂಗಸರೆಲ್ಲರೂ ಉದ್ಯಾನಕ್ಕೆ ಹೋಗಿರುವರು. ಗಂಡಸರು ಊರಲ್ಲಿಯೇ ಇರತಕ್ಕದ್ದೆಂದು ರಾಜಾಜ್ಞೆ. ಅರ್ಹದ್ದಾಸನೆಂಬ ಸೆಟ್ಟಿಯೂ ಆತನ ಎಂಟು ಮಂದಿ ಪತ್ನಿಯರೂ ಮಾತ್ರ ಅರಸನ ಅನುಮತಿ ಪಡೆದು, ಮನೆಯಲ್ಲಿಯೇ ಪೂಜೆಯನ್ನು ಮುಗಿಸಿ, ತಮಗೆ ದೃಢವಾದ ಶ್ರದ್ಧೆಯುಂಟಾದ ಬಗೆಯನ್ನು ಒಬ್ಬೊಬ್ಬರಾಗಿ ಹೇಳಿಕೊಳ್ಳುವರು. ಹೊರಗೆ ಮರೆಯಲ್ಲಿ ನಿಂತು ಅರಸನೂ ಮಂತ್ರಿಯೂ ಕೇಳುವರು. ಕನ್ನವಿಕ್ಕಲು ಬಂದ ಸುವರ್ಣಖುರನೆಂಬ ಕಳ್ಳನೂ ಕೇಳುವನು. ಈತನ ತಂದೆ ರೂಪ್ಯಖುರ. ಬೆಳ್ಳಿಯ ಗೊರಸಿನವನ ಮಗನು ಚಿನ್ನದ ಗೊರಸಿನವನಾದನೆಂದರೆ ಆ ಮನೆಯ ಕಸುಬು ಒಂದು ತಲೆಮಾರಿನಲ್ಲಿ ಏಳಿಗೆಗೆ ಬಂದಿತೆಂದೇ ಅರ್ಥ! ಧನವನ್ನು ಕಾಯುವವನು, ಗಳಿಸುವವನು, ಕದಿಯುವವನು, ಮೂವರೂ ಒಂದೇ ಕಥೆಗೆ ಒಂದೇ ಇರುಳು ಕಿವಿಗೊಡುವಂತೆ ಮಾಡಿರುವುದು ಈ ಚೌಕಟ್ಟಿನ ವಿಶೇಷ.

ಇದಕ್ಕೂ ಮೊದಲು, ತಾನೂ ಉದ್ಯಾನಕ್ಕೆ ಹೋಗುವೆನೆಂದು ಹಟಹಿಡಿದ ಅರಸನಿಗೆ ಮಂತ್ರಿಯು ಸುಯೋಧನನೆಂಬ ದೊರೆಯ ಕಥೆಯನ್ನು ಹೇಳುವನು. ಸುಯೋಧನನು ದಂಡೆತ್ತಿ ಹೋಗಿ ಹಿಂದಿರುಗಿದಾಗ ಪ್ರಜೆಗಳು, ತಳವಾರನಾದ ಯಮದಂಡನು ಊರನ್ನು ಚೆನ್ನಾಗಿ ಕಾಯ್ದನೆಂದು ಹೊಗಳಿದರು. ದೊರೆಗೆ ಅದು ಸಹಿಸಲಿಲ್ಲ. ಮಂತ್ರಿಯನ್ನೂ ಪುರೋಹಿತನನ್ನೂ ಕೂಡಿಕೊಂಡು ತನ್ನ ಬೊಕ್ಕಸಕ್ಕೆ ತಾನೇ ಕನ್ನವಿಕ್ಕಿ ಧನವನ್ನು ಬೇರೆಡೆಗೆ ಸಾಗಿಸಿದನು. ಬೆಳಗಾದ ಮೇಲೆ ಯಮದಂಡನನ್ನು ಕರೆಯಿಸಿ, ಏಳು ದಿನದೊಳಗೆ ಕಳ್ಳನನ್ನು ಹಿಡಿದು ತರದಿದ್ದರೆ ತಲೆಯನ್ನು ಹಾರಿಸುವೆನೆಂದನು. ತಳವಾರನು ಕನ್ನದ ಬಾಯಿಯನ್ನು ನೋಡಿದಾಗ ಅಲ್ಲಿ ಅರಸನ ಪಾದುಕೆ, ಮಂತ್ರಿಯ ಮುದ್ರೆಯುಂಗುರ, ಪುರೋಹಿತನ ಜನಿವಾರ ಬಿದ್ದಿದ್ದವು. ಆತನು ಅವನ್ನು ತೆಗೆದಿಟ್ಟುಕೊಂಡು, ದಿನಕ್ಕೊಂದರಂತೆ ಸಭೆಯಲ್ಲಿ ಕಥೆಗಳನ್ನು ಹೇಳುತ್ತ ಬಂದನು. ಯಾವ ಮಣ್ಣಿನಿಂದ ಹೊಟ್ಟೆ ಹೊರೆದನೋ ಆ ಮಣ್ಣಿನ ದಿಣ್ಣೆಯೇ ಕುಂಬಾರನ ಮೇಲೆ ಕುಸಿದುದು ಅವುಗಳಲ್ಲಿ ಒಂದು. ಕಾಯಬೇಕಾದುದೇ ಕೊಲ್ಲಲು ನಿಂತರೆ ಗತಿಯೇನೆಂಬುದೇ ಎಲ್ಲಕ್ಕೂ ಪಲ್ಲವಿ. ದೊರೆಗೆ ಮಾತ್ರ ಅರ್ಥವಾಗಲಿಲ್ಲ, ಅಥವಾ ಅರ್ಥವಾಗದವನಂತೆ ಇದ್ದನು. ಕಡೆಗೆ ಮೂರು ಕುರುಹುಗಳನ್ನೂ ಮಹಾಜನರ ಮುಂದಿಡಲು, ಅವರು ಮೂವರನ್ನೂ ಪದವಿಯಿಂದ ನೀಗಿಸಿ ಅವರವರ ಮಕ್ಕಳನ್ನು ಆ ಸ್ಥಾನಗಳಲ್ಲಿ ನಿಲ್ಲಿಸಿದರು. ಸುಯೋಧನನಿಗೆ ಹಣದ ಕೊರತೆಯಿರಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಒಬ್ಬನಿಗೆ ಬಂದ ಒಳ್ಳೆಯ ಹೆಸರನ್ನು ಕೊಲ್ಲುವುದಕ್ಕೆ ಬೊಕ್ಕಸವು ಆತನ ಕೈಯಲ್ಲಿ ಆಯುಧವಾಯಿತು.

ಯಮದಂಡನ ಕಥೆಗಳಲ್ಲೆಲ್ಲ ಘೋರವಾದುದು ಕೋಟೆಬಾಗಿಲಿನ ಕಥೆ. ಒಂದು ಪಟ್ಟಣದ ಹೆಬ್ಬಾಗಿಲು ಕಟ್ಟಿದ ಹಾಗೆಲ್ಲ ಬೀಳುತ್ತಿತ್ತು. ನರಬಲಿಯಿಂದಲ್ಲದೆ ನಿಲ್ಲದೆಂದು ಮಂತ್ರಿಯು ನುಡಿದನು. ಅರಸನು ಒಪ್ಪದಿರಲು, ಆ ಪಾಪವು ತಮಗಿರಲೆಂದು ಮಹಾಜನರೇ ಮುಂದಾಗಿ ಹಣ ಕೂಡಿಸಿ, ಹೊನ್ನಿನದೊಂದು ಪುರುಷಪ್ರತಿಮೆಯನ್ನು ಮಾಡಿಸಿ ಬಂಡಿಯ ಮೇಲಿಟ್ಟು, ಮಗನನ್ನು ಕೊಟ್ಟವರಿಗೆ ಇದು ಸಲ್ಲುವುದೆಂದು ಬೀದಿಬೀದಿಯಲ್ಲಿ ಸಾರಿಸಿದರು. ಮಕ್ಕಳೊಂದಿಗರಾದ ಬಡ ದಂಪತಿಗಳು ತಮ್ಮಲ್ಲಿ ಆಲೋಚಿಸಿ, ಕಿರಿಯ ಮಗನನ್ನು ಕೊಟ್ಟು ಆ ಹೊನ್ನನ್ನು ಕೊಂಡರು. ಬಲಿಗೆಂದು ಸಿಂಗರಿಸಿ ತಂದ ಬಾಲಕನು ಅರಸನನ್ನು ಕಂಡು ನಕ್ಕನು. ಏಕೆ ನಕ್ಕೆಯೆಂದು ಕೇಳಲು ಆತನು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ತಾಯಿ ಹೊಡೆದರೆ ತಂದೆಯ ಬಳಿಗೆ ಓಡಬಹುದು, ಇಬ್ಬರೂ ಕಾಡಿದರೆ ಅರಸನಿಗೆ ದೂರಬಹುದು, ಅರಸನು ತಪ್ಪಿದರೆ ಮಹಾಜನರಿದ್ದಾರೆ. ಇಲ್ಲಿ ತಾಯಿತಂದೆಗಳು ಮಾರಿದರು, ಮಹಾಜನರು ಕೊಂಡರು, ಅರಸನು ನೋಡುತ್ತ ನಿಂತಿರುವನು. ಇನ್ನು ಅಳುವುದು ಯಾರ ಮುಂದೆ?

ಜೀವವಿರುವ ಬಾಲಕನಿಗೆ ಪ್ರತಿಯಾಗಿ ಜೀವವಿಲ್ಲದ ಹೊನ್ನಿನ ಬಾಲಕ! ಕಥೆಗಾರನು ವಿವರಿಸದೆ ಬಿಟ್ಟಿರುವ ಈ ವಿನಿಮಯವು ಎಂಥ ವ್ಯಾಖ್ಯಾನಕ್ಕಿಂತಲೂ ಬಲವಾದುದು. ಬಾಲಕನ ನಗೆಯಿಂದ ಅರಸನ ಮನಸ್ಸು ಕರಗಿ ಬಲಿಯು ನಿಂತಿತು. ಹಡೆದವರ ಮೇಲಿನ ನಂಬುಗೆಯು ಆ ಮಗುವಿಗೆ ಮರಳಿತೆಂದು ಕಥೆಯು ಹೇಳುವುದಿಲ್ಲ.

ಈ ಕಥೆಯೊಡನೆ ಹೋಲಿಸಿ ನೋಡತಕ್ಕುದು ದುರ್ಗಸಿಂಹನ ಪಂಚತಂತ್ರದಲ್ಲಿರುವ ವೃಕ್ಷಸಾಕ್ಷಿಯ ಕಥೆ. ದುರ್ಗಸಿಂಹನು ಚಾಳುಕ್ಯ ಜಯಸಿಂಹನ ಸಂಧಿವಿಗ್ರಹಿ. ಗ್ರಂಥದ ಕಾಲ 1031. ಮಂಗರಸನಂತೆಯೇ ರಾಜ್ಯಾಡಳಿತವನ್ನು ಹತ್ತಿರದಿಂದ ಕಂಡವನು. ಧರ್ಮಬುದ್ಧಿಯೂ ದುಷ್ಟಬುದ್ಧಿಯೂ ಕೂಡಿ ಗಳಿಸಿದ ಹೊನ್ನನ್ನು ಆಲದ ಮರದ ಬುಡದಲ್ಲಿ ಹೂಳುವರು. ದುಷ್ಟಬುದ್ಧಿಯು ಅದನ್ನು ತಾನೇ ಅಗೆದುಕೊಂಡು, ಕಳವನ್ನು ಗೆಳೆಯನ ಮೇಲೆ ಹೊರಿಸಿ, ಮರವೇ ಸಾಕ್ಷಿಯೆನ್ನುವನು. ಮರದ ಪೊಟರೆಯಲ್ಲಿ ಅಡಗಿ ಸುಳ್ಳು ನುಡಿಯುವಂತೆ ಒಪ್ಪಿಸಿದ್ದು ತನ್ನ ತಂದೆಯನ್ನು. ಪ್ರೇಮಮತಿಯೆಂಬ ಆ ಮುದುಕನು ಬುದ್ಧಿ ಹೇಳಿ ಸೋತು, ಮಗನ ಮಾತಿಗೆ ಕಟ್ಟುಬಿದ್ದು ಪೊಟರೆಯನ್ನು ಹೊಕ್ಕನು. ಧರ್ಮಬುದ್ಧಿಯು ಹೊಗೆಯಿಕ್ಕಲು ಅಲ್ಲಿಯೇ ಸತ್ತನು. ಅಲ್ಲಿ ಮಗನ ಹಣದಾಸೆಗೆ ತಂದೆ ಬಲಿ, ಇಲ್ಲಿ ತಂದೆಯ ಹಣದಾಸೆಗೆ ಮಗ. ದುರ್ಗಸಿಂಹನ ಕಥೆಯಲ್ಲಿ ಧರ್ಮಾಧಿಕರಣವೊಂದಾದರೂ ನೆಟ್ಟಗಿದೆ. ಕೌಮುದಿಯ ಕಥೆಯಲ್ಲಿ ಅದೂ ಇಲ್ಲ, ಏಕೆಂದರೆ ಬೆಲೆ ಕಟ್ಟಿದವರೇ ಮಹಾಜನರು. ಈ ದೃಷ್ಟಿಯಿಂದ ನೋಡಿದರೆ ಎರಡನೆಯ ಕಥೆಯು ಮೊದಲಿನದಕ್ಕಿಂತ ಆಳವಾದುದೆಂದು ತೋರುವುದು.

ಅರ್ಹದ್ದಾಸನು ಹೇಳುವ ಮೊದಲ ಕಥೆಯಲ್ಲಿಯೂ ಇದೇ ಧ್ವನಿ. ಶೂಲಕ್ಕೇರಿಸಿದ ರೂಪ್ಯಖುರನು ನೀರು ಬೇಡಲು, ಅರ್ಹದ್ದಾಸನ ತಂದೆ ಜಿನದತ್ತನು ಕನಿಕರಗೊಂಡು ಮಂತ್ರವನ್ನು ಉಪದೇಶಿಸಿ ನೀರು ತರಲು ಹೋದನು. ಕಳ್ಳನೊಡನೆ ಮಾತನಾಡಿದವನ ಮನೆಯಲ್ಲಿ ಕಳವಿನ ಒಡವೆ ಇದ್ದೇ ಇರಬೇಕೆಂದು ಊಹಿಸಿ, ಅರಸನು ಸೆಟ್ಟಿಯ ಆಸ್ತಿಯನ್ನು ಸೂರೆಮಾಡಲು ಭಟರನ್ನಟ್ಟಿದನು. ದಯೆಯು ಕೂಡ ಬೊಕ್ಕಸದ ಕಣ್ಣಿಗೆ ಲೆಕ್ಕಾಚಾರವಾಗಿಯೇ ಕಂಡಿತು. ಊರಿನ ಪ್ರಭುವಾಗಿದ್ದ ಕವಿಯೊಬ್ಬನು ಇಂಥ ಕಥೆಯನ್ನು ಕನ್ನಡಿಸಲು ಆರಿಸಿಕೊಂಡನೆಂಬುದು ಸಣ್ಣ ಮಾತಲ್ಲ. ಚಂಗಾಳ್ವರ ಪಿರಿಯಾಪಟ್ಟಣವು 1644ರಲ್ಲಿ ಮೈಸೂರಿನ ಕಂಠೀರವ ನರಸರಾಜನ ವಶವಾಯಿತು. ಆತನು ಅಚ್ಚುಹಾಕಿಸಿದ ಚಿನ್ನದ ಕಂಠೀರಾಯ ಹಣವು ಅನಂತರ ಆ ಸೀಮೆಯ ಲೆಕ್ಕಗಳಲ್ಲಿ ನೆಲಸಿತು. ಅರಸರೂ ನಾಣ್ಯವೂ ಬದಲಾದವು.

ಮಾರಾಟವಾದ ಮಗುವಿನ ಕಥೆಯು ಹಳೆಯ ಗ್ರಂಥಗಳೊಡನೆ ಮುಗಿಯಲಿಲ್ಲ. ಶಿವರಾಮ ಕಾರಂತರ ಚೋಮನ ದುಡಿಯಲ್ಲಿ (1933) ತಂದೆಯು ಮಾಡಿದ ಸಾಲವನ್ನು ತೀರಿಸಲು ಮಕ್ಕಳು ಘಟ್ಟದ ಕಾಫಿತೋಟಕ್ಕೆ ಹೋಗುವರು. ಒಬ್ಬ ಮಗ ಜ್ವರದಿಂದ ಸಾಯುವನು, ಮತ್ತೊಬ್ಬನು ಹಿಂದಿರುಗುವುದಿಲ್ಲ. ಕಡೆಗೆ ಮಗಳು ಬೆಳ್ಳಿಯ ಮಾನದಿಂದ ಲೆಕ್ಕವು ಚುಕ್ತಾ ಆಗುವುದು. ಚೋಮನು ಮಕ್ಕಳನ್ನು ಮಾರುವಷ್ಟು ಕಲ್ಲೆದೆಯವನಲ್ಲ. ಅವರನ್ನು ಪ್ರೀತಿಸುತ್ತಲೇ ಕಳೆದುಕೊಳ್ಳುವನು. ಹೊನ್ನಿನ ಪ್ರತಿಮೆಯ ಆಮಿಷವಿದ್ದೆಡೆಯಲ್ಲಿ ಈಗ ಸಾಲದ ಲೆಕ್ಕ ಬಂದು ಕುಳಿತಿದೆ, ಮತ್ತು ಅದನ್ನು ಬೀದಿಯಲ್ಲಿ ಸಾರಿಸುವ ಅಗತ್ಯವೂ ಇಲ್ಲ.

ಮರಳಿ ಕೌಮುದಿಗೆ ಬರುವುದಾದರೆ, ಎಂಟು ಮಂದಿ ಪತ್ನಿಯರಲ್ಲಿ ಕಿರಿಯಳಾದ ಕುಂದಲತೆಯು ಪ್ರತಿಯೊಂದು ಕಥೆಯ ಕೊನೆಯಲ್ಲಿಯೂ ತಾನಿದನ್ನು ನಂಬೆನೆಂದು ಹೇಳುವಳು. ಮರೆಯಲ್ಲಿದ್ದ ಅರಸನಿಗೆ ಸಿಟ್ಟು, ಏಕೆಂದರೆ ಕೆಲವನ್ನು ಆತನೇ ಕಣ್ಣಾರೆ ಕಂಡಿದ್ದನು. ಬೆಳಗ್ಗೆ ಮನೆಗೆ ಬಂದು ಕಾರಣ ಕೇಳಲು ಆಕೆಯು ಹೇಳಿದುದು ಇದು: ಇವರೆಲ್ಲರೂ ಧರ್ಮದ ಫಲವನ್ನು ಕಂಡವರು, ಕೇಳಿದವರು, ಆದರೂ ಸಿರಿಯನ್ನು ಬಿಡದೆ ಮನೆಯಲ್ಲಿಯೇ ಇರುವರು, ಕೇಳಿದ ಮಾತ್ರಕ್ಕೆ ತಾನು ಈ ಬೆಳಗ್ಗೆಯೇ ಎಲ್ಲವನ್ನೂ ಬಿಡಲು ನಿಶ್ಚಯಿಸಿರುವಾಗ, ಇವರ ನಂಬುಗೆಯನ್ನು ಹೇಗೆ ನಂಬುವುದು? ಅರಸನು ನಿರುತ್ತರನಾದನು. ಆಕೆಯ ಹಿಂದೆ ದೀಕ್ಷೆಗೆ ಹೊರಟವರಲ್ಲಿ ಸೆಟ್ಟಿಯೂ ಇದ್ದನು, ಅರಸನೂ ಇದ್ದನು, ಕದಿಯಲು ಬಂದು ಬರಿಗೈಯಲ್ಲಿ ನಿಂತಿದ್ದ ಸುವರ್ಣಖುರನೂ ಇದ್ದನು.