ಬಳ್ಳಾರಿ ಸೀಮೆಯ ನಕ್ಷೆಗಳಿಗೆ ಆಯುಸ್ಸು ಎಷ್ಟು?

ಕಾರಿನ ಮುಂಗಾಜಿಗೆ ಅಂಟಿಸಿಕೊಳ್ಳುವ ಜಿಪಿಎಸ್ ನ್ಯಾವಿಗೇಟರ್‌ಗಳು ನಮ್ಮ ಪೇಟೆಗಳಲ್ಲಿ ಕಾಣಿಸಿಕೊಂಡದ್ದು 2000ದ ದಶಕದ ಕೊನೆಯ ವರ್ಷಗಳಲ್ಲಿ. ಗಾರ್ಮಿನ್, ಮ್ಯಾಪ್‌ಮೈಇಂಡಿಯಾದಂಥ ಕಂಪನಿಗಳ ಈ ಸಾಧನಗಳನ್ನು ಸ್ಮಾರ್ಟ್‌ಫೋನ್ ಬೇಗನೆ ಹಿಂದಕ್ಕೆ ತಳ್ಳಿತು. ಆದರೂ ರಿಪೇರಿ ಮಾಡಿ, ಬ್ಯಾಟರಿ ಬದಲಿಸಿ ಕಡಿಮೆ ಬೆಲೆಗೆ ಮಾರುವ ರಿಫರ್ಬಿಶ್ಡ್ ಸಾಧನಗಳನ್ನು ಕೊಳ್ಳುವವರು ಇನ್ನೂ ಇದ್ದಾರೆ. ಅವರು ಪರದೆ ನೋಡುತ್ತಾರೆ, ಚಾರ್ಜರ್ ನೋಡುತ್ತಾರೆ, ವಾರಂಟಿ ಕೇಳುತ್ತಾರೆ. ಒಳಗಿರುವ ನಕ್ಷೆ ಯಾವ ವರ್ಷದ್ದೆಂದು ಕೇಳುವವರು ಕಡಿಮೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಯಂತ್ರವನ್ನು ರಿಪೇರಿಯಿಂದ ಹೊಸದು ಮಾಡಬಹುದು. ನಕ್ಷೆಯನ್ನು ಮತ್ತೆ ನೆಲ ನೋಡಿಯೇ ಹೊಸದು ಮಾಡಬೇಕು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಇತಿಹಾಸವನ್ನು ಓದಿದರೆ ಈ ಮಾತಿಗೆ ಶತಮಾನಗಳ ಪುರಾವೆ ಸಿಗುತ್ತದೆ.

ಈ ಸೀಮೆಯಲ್ಲಿ ನೆಲವನ್ನು ಗುರುತಿಸುವ ಕೆಲಸ ಬಹಳ ಹಳೆಯದು. ಕುರುಗೋಡನ್ನು ರಾಜಧಾನಿ ಮಾಡಿಕೊಂಡು ಬಳ್ಳಕುಂದೆ ನಾಡನ್ನು ಆಳಿದ ಸಿಂದರ ಕಾಲದಲ್ಲಿ ನೆಲದ ದಾಖಲೆಯೆಂದರೆ ಶಾಸನ. ಆ ಕಾಲದ ದಾನಶಾಸನಗಳು ಹೊಲದ ಎಲ್ಲೆಯನ್ನು ಮೂಡಣಕ್ಕೆ ಹಳ್ಳ, ತೆಂಕಣಕ್ಕೆ ನೆಟ್ಟ ಕಲ್ಲು ಎಂಬಂತೆ ಕಣ್ಣಿಗೆ ಕಾಣುವ ಗುರುತುಗಳಿಂದ ಹೇಳುತ್ತಿದ್ದವು. 1800ರಲ್ಲಿ ಹೈದರಾಬಾದಿನ ನಿಜಾಮನಿಂದ ಈ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದಿತು. ಆಗ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ 1802ರಿಂದ ಹೊಲಹೊಲವನ್ನೂ 33 ಅಡಿಯ ಸರಪಳಿ ಹಿಡಿದು ಅಳೆಸಿದ. ಆ ಸರಪಳಿಯ ಒಂದು ಚದರವೇ ಇಂದಿಗೂ ನಾವು ಲೆಕ್ಕ ಹಾಕುವ ಗುಂಟೆ. 40 ಗುಂಟೆಗೆ ಒಂದು ಎಕರೆ. ಇನ್ನೊಂದೆಡೆ ವಿಲಿಯಂ ಲ್ಯಾಂಬ್ಟನ್ ತನ್ನ ತ್ರಿಕೋನಮಿತಿ ಸರ್ವೆಯ ಭಾಗವಾಗಿ 1811ರಲ್ಲಿ ಗುತ್ತಿಯ ಬಳಿ ಒಂದು ಆಧಾರರೇಖೆಯನ್ನು ಅಳೆದ. ಗುತ್ತಿ ಆಗ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಮನ್ರೋ ಅಳೆಸಿದ್ದು ಕಂದಾಯಕ್ಕಾಗಿ, ಲ್ಯಾಂಬ್ಟನ್ ಅಳೆದದ್ದು ಭೂಮಿಯ ಆಕಾರ ತಿಳಿಯಲು ಮತ್ತು ನಕ್ಷೆಗೆ ಗಟ್ಟಿ ತಳಹದಿ ಹಾಕಲು. ದಾರಿಹೋಕನಿಗಾಗಿ ಇವರಿಬ್ಬರೂ ಅಳೆಯಲಿಲ್ಲ. ನಕ್ಷೆ ಮೊದಲು ಸರ್ಕಾರದ ಕೈಯಲ್ಲಿ ಹುಟ್ಟಿ, ತಡವಾಗಿ ಜನರ ಕೈಗೆ ಬಂದಿತು. ಅಷ್ಟರಲ್ಲಿ ನೆಲ ಬದಲಾಗಿರುತ್ತಿತ್ತು.

ಆ ಬದಲಾವಣೆ ಎಷ್ಟು ದೊಡ್ಡದೆಂಬುದನ್ನು ಸಿರುಗುಪ್ಪದಲ್ಲಿ ಸ್ಪಷ್ಟವಾಗಿ ಕಾಣಬಹುದು. 1945ರಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಮಳೆ ನಂಬಿ ಜೋಳ, ಹತ್ತಿ ಬೆಳೆಯುತ್ತಿದ್ದ ಎರೆನೆಲ ಭತ್ತದ ಗದ್ದೆಯಾಯಿತು. ಆಂಧ್ರದ ಡೆಲ್ಟಾ ಸೀಮೆಯಿಂದ ಬಂದ ರೈತರು ಕಾಲುವೆಯ ಆಸುಪಾಸಿನಲ್ಲಿ ನೆಲೆಯೂರಿದರು. ಅವರ ಕ್ಯಾಂಪುಗಳು ಮನ್ರೋ ಕಾಲದ ಯಾವ ಗ್ರಾಮಲೆಕ್ಕದಲ್ಲೂ ಇಲ್ಲದ ಊರುಗಳು. ಅದೇ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ಬಳ್ಳಾರಿ ತಾಲ್ಲೂಕಿಗಾಗಿ ಆಂಧ್ರ, ಮೈಸೂರು ಎರಡೂ ಕಡೆಯವರು ಪಟ್ಟು ಹಿಡಿದಿದ್ದರು. ಈ ವಿವಾದದ ಬಗ್ಗೆ ನ್ಯಾಯಮೂರ್ತಿ ಮಿಶ್ರಾ ಕೊಟ್ಟ ವರದಿಯ ನಂತರ ಅದು ಮೈಸೂರು ರಾಜ್ಯಕ್ಕೆ ಸೇರಿತು. ಸಿರುಗುಪ್ಪದಿಂದ ಆದೋನಿಗೆ ಹೋಗುವ ದಾರಿ ಅಂದಿನಿಂದ ರಾಜ್ಯದ ಗಡಿ ದಾಟುವ ದಾರಿಯಾಯಿತು.

ಇತ್ತೀಚಿನ ಮೂರು ದಶಕಗಳಲ್ಲಿ ಈ ವೇಗ ಇನ್ನೂ ಹೆಚ್ಚಿದೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. 2010ರ ಮರುಸಂಖ್ಯೆಯಲ್ಲಿ ಬಳ್ಳಾರಿಯ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 63, ಹೆದ್ದಾರಿ 67 ಆಯಿತು. ಸಿರುಗುಪ್ಪದಿಂದ ಬಳ್ಳಾರಿಗೆ ಬರುವ ರಸ್ತೆ ಮುಂದೆ ರಾಷ್ಟ್ರೀಯ ಹೆದ್ದಾರಿ 150ಎ ಎನಿಸಿತು. 2014ರ ನವೆಂಬರ್ 1ರಿಂದ ನಗರದ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರದಂತೆಯೇ ಬರೆಯಲಾಗುತ್ತಿದೆ. ಬಳ್ಳಾರಿ ತಾಲ್ಲೂಕಿನೊಳಗಿದ್ದ ಕುರುಗೋಡು ಈಗ ತಾನೇ ತಾಲ್ಲೂಕು ಕೇಂದ್ರ. 2009ರ ನಕ್ಷೆ ತುಂಬಿಕೊಂಡ ಒಂದು ನ್ಯಾವಿಗೇಟರ್‌ಗೆ ಇವುಗಳಲ್ಲಿ ಹರಪನಹಳ್ಳಿಯ ಮೊದಲ ವರ್ಗಾವಣೆಯೊಂದನ್ನು ಬಿಟ್ಟರೆ ಬೇರೇನೂ ಗೊತ್ತಿರಲಾರದು.

ನಕ್ಷೆ ತಪ್ಪಿದರೆ ಏನಾಗುತ್ತದೆಂಬುದನ್ನು ಬಳ್ಳಾರಿ ಗಣಿಗಳಲ್ಲೂ ಕಂಡಿದೆ. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಅರ್ಜಿಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಗುತ್ತಿಗೆಯ ಕಾಗದದಲ್ಲಿದ್ದ ಎಲ್ಲೆಗೂ ನೆಲದ ಮೇಲೆ ಅಗೆದ ಎಲ್ಲೆಗೂ ಹೊಂದಾಣಿಕೆ ಇಲ್ಲದ ಕಾರಣ ಜಂಟಿ ತಂಡವೊಂದು ಗಣಿಗಳನ್ನು ಹೊಸದಾಗಿ ಅಳೆಯಬೇಕಾಯಿತು. ಅದರ ಆಧಾರದ ಮೇಲೆ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅತಿಕ್ರಮ ಹೆಚ್ಚಿದ್ದ ಸಿ ವರ್ಗದವನ್ನು 2013ರಲ್ಲಿ ರದ್ದುಪಡಿಸಲಾಯಿತು. ಹಳೆಯ ಕಾಗದವನ್ನು ನಂಬಿ ಕೂರದೆ ಮತ್ತೆ ಅಳೆದದ್ದರಿಂದಲೇ ಸತ್ಯ ಹೊರಬಿತ್ತು.

ಸಾಧನದ ನಕ್ಷೆ ಹೊಸದಿರಬೇಕೆಂಬ ಮಾತಿಗೆ ಆಕ್ಷೇಪಗಳಿವೆ. ಹೆಸರು, ಜಿಲ್ಲೆ, ಸಂಖ್ಯೆ ಬದಲಾದರೂ ರಸ್ತೆ ಅಲ್ಲೇ ಇದೆ, ಉಪಗ್ರಹವೂ ಅದೇ ಸಂಕೇತ ಕಳಿಸುತ್ತದೆ ಎನ್ನಬಹುದು. ಮೊದಲನೆಯದು ಅರ್ಧ ನಿಜ. ಬಳ್ಳಾರಿ–ಸಿರುಗುಪ್ಪದಂಥ ಮುಖ್ಯ ದಾರಿ ಹಳೆಯ ಜಾಡಿನಲ್ಲೇ ಇದೆ. ಆದರೆ ಬೈಪಾಸು, ಮೇಲ್ಸೇತುವೆ, ಏಕಮುಖ ಸಂಚಾರಗಳು ಹಳೆಯ ಜಾಡಿನಲ್ಲಿಲ್ಲ, ಚಾಲಕ ಎಡವುವುದು ಅಲ್ಲೇ. ಎರಡನೆಯದಕ್ಕೆ ಉತ್ತರ ಇನ್ನೂ ಖಚಿತವಾಗಿದೆ. ಹಳೆಯ ಜಿಪಿಎಸ್ ಸಂಕೇತದಲ್ಲಿ ವಾರಗಳ ಎಣಿಕೆ 1024ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್ 6ರಂದು ಇನ್ನೊಮ್ಮೆ ಹಾಗಾಯಿತು. ಅದಕ್ಕೆ ತಕ್ಕ ಸಾಫ್ಟ್‌ವೇರ್ ಇಲ್ಲದ ಸಾಧನಗಳಲ್ಲಿ ದಿನಾಂಕ ಸುಮಾರು 20 ವರ್ಷ ಹಿಂದಕ್ಕೆ ಹೋಗಬಹುದು. ಆಗ ತಲುಪುವ ವೇಳೆಯ ಲೆಕ್ಕವನ್ನು ನಂಬುವಂತಿಲ್ಲ.

ಫೋನಿನಲ್ಲಿ ಎಲ್ಲವೂ ಉಚಿತವಾಗಿರುವಾಗ ಹಳೆಯ ಸಾಧನವೇಕೆ ಎಂಬ ಆಕ್ಷೇಪವೂ ಇದೆ. ಈ ಸಾಧನ ನಕ್ಷೆಯನ್ನು ತನ್ನೊಳಗೇ ಇಟ್ಟುಕೊಳ್ಳುವುದರಿಂದ ಸಿಗ್ನಲ್ ಸಿಗದ ಕಡೆಯೂ ದಾರಿ ತೋರಿಸುತ್ತದೆ, ಫೋನಿನ ಚಾರ್ಜನ್ನೂ ತಿನ್ನುವುದಿಲ್ಲ. ಕೆಲಸ ಮಾಡುವ ವಸ್ತುವನ್ನು ಎಸೆಯದೆ ಸರಿಪಡಿಸಿ ಬಳಸುವುದು ಮಣ್ಣಿಗೂ ನೀರಿಗೂ ಒಳಿತು. 2023ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ರಿಫರ್ಬಿಶ್ ಮಾಡುವವರನ್ನು ಮಾನ್ಯ ಮಾಡಿರುವುದೂ ಸರಿಯಾಗಿಯೇ ಇದೆ. ಆದ್ದರಿಂದ ಹಳೆಯ ಸಾಧನವನ್ನು ಕೊಳ್ಳಬಾರದೆಂಬುದು ನನ್ನ ವಾದವಲ್ಲ. ಕೊಳ್ಳುವ ಮುನ್ನ ಮೂರನ್ನು ಪರೀಕ್ಷಿಸಬೇಕು: ನಕ್ಷೆ ಯಾವ ವರ್ಷದ್ದು, ತಯಾರಕರು ಆ ಮಾದರಿಗೆ ಈಗಲೂ ಹೊಸ ನಕ್ಷೆ ಕೊಡುತ್ತಾರೆಯೇ, ಬಯಲಲ್ಲಿಟ್ಟಾಗ ದಿನಾಂಕ ಸರಿಯಾಗಿ ತೋರಿಸುತ್ತದೆಯೇ. ಕುರುಗೋಡನ್ನು ತಾಲ್ಲೂಕು ಕೇಂದ್ರವಾಗಿ, ಸಿರುಗುಪ್ಪದ ಕ್ಯಾಂಪುಗಳನ್ನು ಅವುಗಳ ಹೆಸರಿನಿಂದ ತೋರಿಸದ ನಕ್ಷೆ ಈ ಸೀಮೆಯ ಪಾಲಿಗೆ ಅರ್ಧವೇ. ಮನ್ರೋ ಕಾಲದಲ್ಲಿ ಅಳತೆಯ ಕಾಗದ ಕಚೇರಿಯ ಸ್ವತ್ತಾಗಿತ್ತು, ರೈತ ಅದನ್ನು ಪ್ರಶ್ನಿಸುವುದು ಕಷ್ಟವಿತ್ತು. ಇಂದು ನಕ್ಷೆಯನ್ನು ಹಣ ಕೊಟ್ಟು ಕೊಳ್ಳುವವರು ನಾವೇ; ಅದು ನಮ್ಮ ಇಂದಿನ ನೆಲವನ್ನು ತೋರಿಸಬೇಕೆಂದು ಕೇಳುವ ಹಕ್ಕೂ ನಮ್ಮದೇ.